ಸಾತನೂರು: ಊರು ಉಳಿಯಿತು, ಕ್ಷೇತ್ರ ಅಳಿಯಿತು

ಕಬ್ಬಾಳಮ್ಮನ ಜಾತ್ರೆಗೆ ಹೋದವರಿಗೆ ಸಾತನೂರು ಗೊತ್ತು. ಕನಕಪುರ ತಾಲ್ಲೂಕಿನ ಈ ಹೋಬಳಿ ಇಂದಿಗೂ ಇದೆ. ಆದರೆ ಕರ್ನಾಟಕ ವಿಧಾನಸಭೆಯ ಕ್ಷೇತ್ರಗಳ ಪಟ್ಟಿಯಲ್ಲಿ 2008ರಿಂದ ಸಾತನೂರಿನ ಹೆಸರಿಲ್ಲ. ಹಾಗಾದರೆ ಅಲ್ಲಿನ ಮತದಾರರು ಊರು ಬಿಟ್ಟು ಹೋದರೆ? ಇಲ್ಲ. ಕಾರಣವಿರುವುದು ಲೆಕ್ಕದಲ್ಲಿ.

ಸಾತನೂರು ಸಾಮಾನ್ಯ ಕ್ಷೇತ್ರವಾಗಿರಲಿಲ್ಲ. 1985ರಲ್ಲಿ ಇಲ್ಲಿ ಗೆದ್ದವರು ಎಚ್.ಡಿ. ದೇವೇಗೌಡರು, ಸೋತವರು ಇಪ್ಪತ್ತರ ಹರೆಯದ ಡಿ.ಕೆ. ಶಿವಕುಮಾರ್. 1989ರಲ್ಲಿ ಶಿವಕುಮಾರ್ ಕಾಂಗ್ರೆಸ್ಸಿನಿಂದ ಗೆದ್ದರು. 1994ರಲ್ಲಿ ಪಕ್ಷದ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತರು. ಮತದಾರರು ಆಗಲೂ ಅವರನ್ನೇ ಆರಿಸಿದರು. 1999ರಲ್ಲಿ ಅವರ ಎದುರು ಸೋತವರು ದೇವೇಗೌಡರ ಮಗ ಎಚ್.ಡಿ. ಕುಮಾರಸ್ವಾಮಿ. 2004ರ ಗೆಲುವೇ ಈ ಕ್ಷೇತ್ರದ ಕೊನೆಯ ಸಾರ್ವತ್ರಿಕ ಚುನಾವಣೆಯ ಗೆಲುವು.

ಈಗ ಲೆಕ್ಕಕ್ಕೆ ಬರೋಣ. 1978ರಿಂದ ನಮ್ಮ ವಿಧಾನಸಭೆಯ ಚುನಾಯಿತ ಸ್ಥಾನಗಳು 224. ಗಡಿಗಳನ್ನು ಗುರುತಿಸಿದ್ದು 1971ರ ಜನಗಣತಿಯ ಆಧಾರದಲ್ಲಿ. 1976ರ ಸಂವಿಧಾನ ತಿದ್ದುಪಡಿಯಿಂದ ಆ ವ್ಯವಸ್ಥೆ ಹಾಗೆಯೇ ನಿಂತಿತು. ಜನ ಮಾತ್ರ ನಿಲ್ಲಲಿಲ್ಲ. 1971ರಲ್ಲಿ ಸುಮಾರು 17 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 2001ರ ವೇಳೆಗೆ ಸುಮಾರು 57 ಲಕ್ಷವಾಯಿತು. ನಗರದ ಅಂಚಿನ ಕ್ಷೇತ್ರಗಳು ಊದಿಕೊಂಡವು. ಹಳ್ಳಿಯ ಒಂದು ಮತಕ್ಕಿದ್ದ ತೂಕ ಅಲ್ಲಿನ ಮತಕ್ಕೆ ಇಲ್ಲವಾಯಿತು.

ಇದನ್ನು ಸರಿಪಡಿಸಲು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಕ್ಷೇತ್ರ ಪುನರ್ವಿಂಗಡಣಾ ಆಯೋಗ 2001ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡಿತು. ರಾಜ್ಯದ 5.28 ಕೋಟಿ ಜನರನ್ನು 224ರಿಂದ ಭಾಗಿಸಿ ನೋಡಿ: ಒಂದು ಕ್ಷೇತ್ರಕ್ಕೆ ಸರಾಸರಿ 2.36 ಲಕ್ಷ. ಒಟ್ಟು ಸ್ಥಾನ ಹೆಚ್ಚಿಸುವಂತಿಲ್ಲ. ಅಳತೆ ಮಾಡಿದ ನೀರನ್ನು ಹಲವು ಲೋಟಗಳಿಗೆ ಹಂಚಿದಂತೆ. ಒಂದಕ್ಕೆ ಹೆಚ್ಚು ಸುರಿಯಬೇಕಾದರೆ ಇನ್ನೊಂದರಿಂದ ತೆಗೆಯಲೇಬೇಕು. ಬೆಂಗಳೂರು ನಗರ ಜಿಲ್ಲೆಯ ಸ್ಥಾನಗಳು 16ರಿಂದ 28ಕ್ಕೇರಿದವು. ಆ 12 ಸ್ಥಾನಗಳನ್ನು ಬೇರೆಡೆಯ ಜಿಲ್ಲೆಗಳೇ ಬಿಟ್ಟುಕೊಡಬೇಕಾಯಿತು. ಅಳಿದ ಹೆಸರುಗಳಲ್ಲಿ ಸಾತನೂರೂ ಒಂದು.

2008ರ ಮೇ ತಿಂಗಳ ಚುನಾವಣೆಯಲ್ಲಿ ಸಾತನೂರು ಹೋಬಳಿಯವರು ಕನಕಪುರ ಕ್ಷೇತ್ರದ ಮತದಾರರಾದರು. ಶಿವಕುಮಾರ್ ಕೂಡ ಅಲ್ಲಿಂದಲೇ ನಿಂತು ಗೆದ್ದರು. ನಾಯಕರಿಗೆ ಹೊಸ ಕ್ಷೇತ್ರ ಸಿಕ್ಕಿತು. ಆದರೆ ರಸ್ತೆ, ಕೆರೆ, ಶಾಲೆಯ ಕೊಠಡಿಗಾಗಿ ತಮ್ಮದೇ ಹೆಸರಿನ ಕ್ಷೇತ್ರದ ಶಾಸಕರನ್ನು ಕೇಳುತ್ತಿದ್ದ ಹಳ್ಳಿಗಳು ಈಗ ದೊಡ್ಡ ಸರದಿಯಲ್ಲಿ ನಿಲ್ಲಬೇಕು. ಎಲ್ಲರ ಮತಕ್ಕೂ ಸಮಾನ ಬೆಲೆ ಬೇಕೆಂಬುದು ನ್ಯಾಯ. ಜನ ಕಡಿಮೆಯಿರುವ ಕಡೆಯ ದನಿ ಅಡಗಬಾರದೆಂಬುದೂ ನ್ಯಾಯವೇ. ಭಾಗಾಕಾರ ಮೊದಲನೆಯದನ್ನು ಬಿಡಿಸುತ್ತದೆ, ಎರಡನೆಯದನ್ನಲ್ಲ.

ವಿದ್ಯಾರ್ಥಿಗಳು ಇಂದು ಮನೆಯಲ್ಲಿ ಒಂದು ಪ್ರಶ್ನೆ ಕೇಳಲಿ: ಅಜ್ಜ ಮೊದಲ ಸಲ ಮತ ಹಾಕಿದ್ದು ಯಾವ ಕ್ಷೇತ್ರದಲ್ಲಿ? ಉತ್ತರದಲ್ಲಿ ಬರುವ ಹೆಸರು ಇಂದಿನ ಪಟ್ಟಿಯಲ್ಲಿ ಇರಲಿಕ್ಕಿಲ್ಲ.