ಹಾಸಿಗೆ ಹಿಡಿದ ಹಿರಿಯರು, ದೂರದ ಮಕ್ಕಳು

ಬಾಗಲಗುಂಟೆಯಂತಹ ಬಡಾವಣೆಗಳ ಕಥೋಲಿಕ ಮನೆಗಳಿಂದಲೂ ಮಕ್ಕಳು ಅಮೆರಿಕಕ್ಕೆ ಹೋಗಿ ನೆಲೆಸಿದ್ದಾರೆ. ಇಲ್ಲಿ ತಂದೆ ಹಾಸಿಗೆ ಹಿಡಿದಾಗ, "ಮಗನ ಪೌರತ್ವದ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ, ತಿಳಿಸುವುದು ಬೇಡ" ಎಂದು ಮುಚ್ಚಿಡುವ ತಾಯಂದಿರುಂಟು. ಈ ಭಯಕ್ಕೆ ಬಹುಮಟ್ಟಿಗೆ ಆಧಾರವಿಲ್ಲ.

ಅರ್ಜಿ ಬಾಕಿಯಿರುವಾಗಲೂ ಗ್ರೀನ್ ಕಾರ್ಡ್ ಉಳ್ಳವರು ತಾಯ್ನಾಡಿಗೆ ಬಂದು ಹಿಂದಿರುಗಬಹುದು. ಆದರೆ ಒಂದೇ ಪ್ರವಾಸ 6 ತಿಂಗಳು ಮೀರಿದರೆ ನಿರಂತರ ವಾಸಕ್ಕೆ ಭಂಗ ಬಂದಿತೆಂದು ಭಾವಿಸಲಾಗುವುದು. ಬೆರಳಚ್ಚು ಅಥವಾ ಸಂದರ್ಶನದ ದಿನ ಅಡ್ಡಬಂದರೆ, ಕಾರಣ ತಿಳಿಸಿ ಬೇರೆ ದಿನ ನೀಡುವಂತೆ ಮೊದಲೇ ಕೋರಬೇಕು.

ನಿಜವಾದ ತೊಡಕಿರುವುದು ಪ್ರತಿಜ್ಞಾವಿಧಿಯ ನಂತರ. ಹೊರದೇಶದ ಪೌರತ್ವ ಪಡೆದೊಡನೆ, 1955ರ ಪೌರತ್ವ ಕಾಯಿದೆಯಂತೆ, ಭಾರತದ ಪೌರತ್ವ ಕೊನೆಗೊಳ್ಳುತ್ತದೆ. ಹಳೆಯ ಪಾಸ್‌ಪೋರ್ಟನ್ನು ಮತ್ತೆ ಬಳಸುವಂತಿಲ್ಲ. ಹೊಸ ಪಾಸ್‌ಪೋರ್ಟ್ ಜೊತೆಗೆ ಭಾರತದ ವೀಸಾ ಅಥವಾ ಓಸಿಐ ಕಾರ್ಡ್ ಕೈಸೇರುವವರೆಗೆ ಹೊರಡಲಾಗದು. ಹಿರಿಯರ ಸ್ಥಿತಿ ಚಿಂತಾಜನಕವಾಗಿದ್ದರೆ ಪ್ರತಿಜ್ಞೆಗೆ ಮುನ್ನವೇ ಬಂದುಹೋಗುವುದು ವಿವೇಕ.

ತಂದೆತಾಯಿಯನ್ನು ಗೌರವಿಸಬೇಕೆಂಬುದು ದೇವರ ನಾಲ್ಕನೆಯ ಕಟ್ಟಳೆ. ಗುರುಗಳು ರೋಗಿಗೆ ಅಭ್ಯಂಗನ ನೀಡುವ ಹೊತ್ತಿನಲ್ಲಿ ಮಗನೂ ಬಳಿಯಲ್ಲಿರಬೇಕೆಂದು ಬಯಸದ ತಾಯಿಯಿಲ್ಲ. ಪೋಷಕರೇ, ಸುದ್ದಿಯನ್ನು ಸಕಾಲದಲ್ಲಿ ತಿಳಿಸಿರಿ. ಬರುವುದೋ ಬಿಡುವುದೋ, ನಿರ್ಧರಿಸುವ ಹಕ್ಕು ಮಕ್ಕಳಿಗಿರಲಿ.