ಬಿಟ್ಟು ಹೋಗೋರು, ಬಾಯಿ ಮಾಡೋರು

ಸರ್ವೀಸ್ ಸರಿ ಇಲ್ವಾ? ಬೇರೆ ಕಡೆ ಹೋಗಿ, ಆಗ ಅವ್ರಿಗೆ ಬುದ್ಧಿ ಬರುತ್ತೆ ಅಂತೀವಿ. ಮೊಬೈಲ್ ಕಂಪನಿಗಾದ್ರೆ ಸರಿ. ಆದ್ರೆ ಎಲ್ಲಾ ಕಡೆ ಈ ಮಾತು ನಡೆಯಲ್ಲ.

ಆಲ್ಬರ್ಟ್ ಹಿರ್ಷ್‌ಮನ್ ಅನ್ನೋ ಅರ್ಥಶಾಸ್ತ್ರಜ್ಞ 1970ರ ತನ್ನ ಪುಸ್ತಕದಲ್ಲಿ ನೈಜೀರಿಯಾದ ರೈಲಿನ ಕಥೆ ಹೇಳ್ತಾನೆ. ಲಾರಿಗಳು ಪೈಪೋಟಿಗೆ ಬಂದ್ರೂ ರೈಲು ಸುಧಾರಿಸಲಿಲ್ಲ. ಯಾಕಂದ್ರೆ ಗಟ್ಟಿಯಾಗಿ ಜಗಳ ಆಡಬಲ್ಲ ಗಿರಾಕಿಗಳೇ ಮೊದಲು ಲಾರಿ ಕಡೆ ಹೋದ್ರು. ನಷ್ಟ ತುಂಬೋಕೆ ಸರ್ಕಾರದ ದುಡ್ಡು ಹೇಗೂ ಇತ್ತು!

ನಮ್ಮೂರುಗಳ ಸರ್ಕಾರಿ ಶಾಲೆ ಕಥೆಯೂ ಇದೇ ಅಲ್ವಾ? ಅರ್ಜಿ ಬರೆಯಬಲ್ಲ ಅಪ್ಪ-ಅಮ್ಮಂದಿರು ಮಕ್ಕಳನ್ನ ಕಾನ್ವೆಂಟ್ ವ್ಯಾನ್ ಹತ್ತಿಸಿದ್ರು. ಉಳಿದೋರಲ್ಲಿ ಹೆಚ್ಚಿನವರು ಕೂಲಿಯವರು. ಬಿಇಓ ಆಫೀಸಿಗೆ ಒಂದು ದಿನ ಅಲೆದ್ರೆ ಅವತ್ತಿನ ಕೂಲಿ ಖೋತಾ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಕುರ್ಚಿ ಸಿಕ್ತು, ಆದ್ರೆ ಅಲ್ಲಿ ಕೂತು ಸಾಹೇಬ್ರನ್ನ ಪ್ರಶ್ನೆ ಮಾಡೋ ಧೈರ್ಯ?

2015ರಲ್ಲಿ ಅಲಹಾಬಾದ್ ಹೈಕೋರ್ಟು, ಸರ್ಕಾರಿ ನೌಕರರ ಮಕ್ಕಳು ಸರ್ಕಾರಿ ಶಾಲೆಗೇ ಹೋಗಬೇಕು ಅಂದಿತ್ತು. ಬಾಗಿಲು ಮುಚ್ಚಿದ್ರೆ ಬಾಯಿ ತೆರೆಯುತ್ತೆ ಅನ್ನೋ ಲೆಕ್ಕ. ಬಲವಂತ ನನಗೆ ಒಪ್ಪಿಗೆ ಇಲ್ಲ. ಮಕ್ಕಳನ್ನ ಎಲ್ಲಿ ಓದಿಸ್ಬೇಕು ಅನ್ನೋದು ಅವರವರ ಇಷ್ಟ.

ಆದ್ರೆ ಬಿಟ್ಟು ಬಂದವರು ಬಾಯಿ ಮುಚ್ಕೋಬೇಕು ಅಂತೇನಿಲ್ವಲ್ಲ? ಊರಿನ ಶಾಲೆಗೆ ಮೇಷ್ಟ್ರು ಯಾಕಿಲ್ಲ ಅಂತ ಬೆಂಗಳೂರಲ್ಲಿ ಕೂತೇ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ನಮ್ಮ ಕೂಲಿಯೇನೂ ಹೋಗಲ್ಲ.

ನೀವೇನಂತೀರಿ?