ಮಾಯದ ಕಾಲುಹುಣ್ಣು: ಪಟ್ಟಿಯ ಜೊತೆಗೆ ದೇಹವನ್ನೂ ನೋಡೋಣ



ಪಾದದ ಗಂಟಿನ ಒಳಬದಿಗೆ, ಸ್ವಲ್ಪ ಮೇಲೆ, ಹುಣ್ಣಾಗಿ ತಿಂಗಳುಗಟ್ಟಲೆ ಬಟ್ಟೆ ಸುತ್ತಿಕೊಂಡೇ ತೋಟಕ್ಕೆ ಇಳಿಯುವವರು ನಮ್ಮಲ್ಲಿ ಅನೇಕರಿದ್ದಾರೆ. ಮುಲಾಮು ಬದಲಾಗುತ್ತದೆ, ಇಂಜಕ್ಷನ್ ಬದಲಾಗುತ್ತದೆ, ಹುಣ್ಣು ಮಾತ್ರ ಕದಲುವುದಿಲ್ಲ.

ಪಂಪಿನ ಫುಟ್‌ವಾಲ್ವ್ ಸೋರಿದರೆ ಪೈಪಿನ ನೀರು ಮತ್ತೆ ಬಾವಿಗಿಳಿಯುತ್ತದೆ. ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಅಭಿಧಮನಿಗಳಲ್ಲೂ ಇಂಥದೇ ಕವಾಟಗಳಿವೆ. ಅವು ಕೆಟ್ಟರೆ ರಕ್ತ ಕೆಳಗೇ ನಿಂತು ಕಾಲು ಊದುತ್ತದೆ, ಚರ್ಮ ಕಂದುಗಟ್ಟುತ್ತದೆ. ಆಮೇಲೆ ಒಂದು ಗೀರು ಸಾಕು. ಇದಕ್ಕೆ ಮುಖ್ಯ ಚಿಕಿತ್ಸೆ ಬಿಗಿಪಟ್ಟಿ. ಜೊತೆಗೆ ಕೆಟ್ಟ ನಾಳವನ್ನು ಬೇಗನೆ ಮುಚ್ಚಿಸಿದರೆ ಹುಣ್ಣು ಇನ್ನೂ ಬೇಗ ಮಾಯುತ್ತದೆಂದು 2018ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನ ತೋರಿಸಿದೆ: 82 ದಿನಗಳ ಬದಲು 56.

ಮಹದೇವಪುರ, ವೈಟ್‌ಫೀಲ್ಡ್ ಕಡೆಯ ಕಂಪನಿಗಳಲ್ಲಿರುವ ಮಕ್ಕಳು ತಂದೆತಾಯಿಯರನ್ನು ಕರೆಸಿಕೊಂಡು ಲೇಸರ್ ಮಾಡಿಸಿ ಕಳಿಸುವುದು ಈಗ ರೂಢಿಯಾಗಿದೆ. ಮಾಡಿಸಲಿ, ಒಳ್ಳೆಯದೇ. ಆದರೆ ಲೇಸರಿನ ರಶೀದಿ ಜೋಪಾನವಾಗಿರುತ್ತದೆ, ಸಕ್ಕರೆ ಪರೀಕ್ಷೆ ಮಾಡಿಸಿ ವರ್ಷವಾಗಿರುತ್ತದೆ. ಸಕ್ಕರೆ ಹತೋಟಿಯಲ್ಲಿಲ್ಲದವರ ಗಾಯ ನಿಧಾನವಾಗಿ ಮಾಯುತ್ತದೆ, ಬೇಗ ಕೀವಾಗುತ್ತದೆ. ರಕ್ತಹೀನತೆಯೂ ಹಾಗೆಯೇ, ಕಾಫಿ ಕೊಯ್ಲಿಗೆ ಬರುವ ಹೆಂಗಸರಲ್ಲಿ ಇದನ್ನು ಯಾರೂ ವಿಚಾರಿಸುವುದೇ ಇಲ್ಲ. ಮೈತೂಕ ಹೆಚ್ಚಿದ್ದರೆ ನಾಳಗಳ ಮೇಲಿನ ಹೊರೆ ಇಳಿಯುವುದಿಲ್ಲ. ಎರಡೂ ಕಾಲು ಊದಿ ಏದುಸಿರು ಬರುತ್ತಿದ್ದರೆ ಹೃದಯವನ್ನು ಪರೀಕ್ಷಿಸಬೇಕು. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಕೆಲವರ ಕಾಲು ಊದುತ್ತದೆ. ಹಾಗೆಂದು ತಾವಾಗಿಯೇ ನಿಲ್ಲಿಸಬಾರದು, ವೈದ್ಯರಿಗೆ ಹೇಳಿದರೆ ಬದಲಾಯಿಸುತ್ತಾರೆ.

ಎಲ್ಲಕ್ಕಿಂತ ಅಪಾಯದ ಸಂಗತಿ ಇನ್ನೊಂದಿದೆ. ಬೀಡಿ ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಕಾಲಿಗೆ ರಕ್ತ ತರುವ ಅಪಧಮನಿಯೇ ಕಿರಿದಾಗಿರಬಹುದು. ಅಂಥ ಕಾಲಿಗೆ ಬಿಗಿಪಟ್ಟಿ ಸುತ್ತಿದರೆ ಕಾಲೇ ಹೋದೀತು. ಆದ್ದರಿಂದ ಕಟ್ಟುವ ಮೊದಲು ಕಾಲಿನ ಒತ್ತಡವನ್ನು ತೋಳಿನ ಒತ್ತಡದೊಡನೆ ಹೋಲಿಸಿ ನೋಡಿಸಬೇಕು. ಕಾಲಿನದು ತೋಳಿನದರ 0.8 ಭಾಗಕ್ಕಿಂತ ಕಡಿಮೆ ಇದ್ದರೆ ತಜ್ಞರನ್ನು ಕೇಳದೆ ಕಟ್ಟಲೇಬಾರದು. ಸಕ್ಕರೆ ಕಾಯಿಲೆಯವರಲ್ಲಿ ಈ ಲೆಕ್ಕವೂ ಕೆಲವೊಮ್ಮೆ ಮೋಸ ಮಾಡುತ್ತದೆ. ಪಕ್ಕದ ಮನೆಯವರಿಗೆ ಗುಣವಾಯಿತೆಂದು ಅವರ ಪಟ್ಟಿಯನ್ನೇ ತಂದು ಸುತ್ತಿಕೊಳ್ಳುವ ಅಭ್ಯಾಸ ನಿಲ್ಲಬೇಕು.

ಸಹಕಾರಿಗಳಿಗೆಂದೇ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ನಡುವೆ ನಿಂತು ಮತ್ತೆ ಜಾರಿಗೆ ಬಂದಿದೆ. ಅದರ ನೆರವು ಮುಖ್ಯವಾಗಿ ಪಟ್ಟಿಯಲ್ಲಿರುವ ಶಸ್ತ್ರಚಿಕಿತ್ಸೆಗಳಿಗೆ. ದಿನನಿತ್ಯದ ಮಾತ್ರೆ, ಬಿಗಿ ಕಾಲುಚೀಲದ ಖರ್ಚು ನಮ್ಮ ಮೇಲೆಯೇ. ಹುಣ್ಣು ಮಾಯ್ದ ಮೇಲೂ ಮರುಕಳಿಸದಿರಲು ಆ ಕಾಲುಚೀಲ ಬೇಕೇ ಬೇಕು, ಅದು ಸಡಿಲವಾದಂತೆ ಬದಲಾಯಿಸಲೂ ಬೇಕು.

ಮೈಲುತುತ್ತ, ಗಂಬೂಟು, ಫುಟ್‌ವಾಲ್ವ್ ತರಿಸಿ ಮಾರುವ ಸಂಘ ಇದನ್ನೂ ವೈದ್ಯರ ಚೀಟಿ ನೋಡಿ ಅಸಲು ಬೆಲೆಗೆ ಏಕೆ ಕೊಡಬಾರದು? ಮಹಾಸಭೆಯ ದಿನ ಊಟಕ್ಕೆ ಮುಂಚೆ ಸಕ್ಕರೆ, ರಕ್ತದೊತ್ತಡ, ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಇಡಬಹುದು. ಈ ಎರಡನ್ನೂ ಮುಂದಿನ ಆಡಳಿತ ಮಂಡಳಿ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸಿದ್ದೇನೆ. ಸದಸ್ಯರು ಅಭಿಪ್ರಾಯವನ್ನು ಬರೆದು ಕಚೇರಿಗೆ ತಲುಪಿಸಬೇಕಾಗಿ ಕೋರಿಕೆ.

— ಕಾರ್ಯದರ್ಶಿ